ಬ್ರಿಸ್ಟಲ್ 1927: ಹಳೆ ಗ್ರಾಮಫೋನ್ ಪ್ಲೇಟುಗಳನ್ನು ಕೇಳುವ ಬಗೆ, ಕಾರ್ಟರ್ ಗಿಟಾರ್ ಕೈ, ಊರಿನಲ್ಲಿ ನೋಡಬೇಕಾದ್ದು

ಹಳೇಪ್ಲೇಟು:
ಅಮೆರಿಕದ ಹಳ್ಳಿಗಾಡಿನ ಹಾಡುಗಳಿಂದ ಬೆಳೆದ ಕಂಟ್ರಿ ಸಂಗೀತದ ಮಾತು ಬಂದಾಗಲೆಲ್ಲ ಚರ್ಚೆ ಅದರ ರಾಜಧಾನಿಯೆನಿಸಿದ ನ್ಯಾಶ್‌ವಿಲ್‌ಗೆ ಹೋಗಿ ಅಲ್ಲೇ ನಿಂತುಬಿಡುತ್ತದೆ. ಅದಕ್ಕೇ ಬ್ರಿಸ್ಟಲ್‌ಗೆಂದೇ ಒಂದು ಎಳೆ ತೆರೆದಿದ್ದೇನೆ. ಅಪಲಾಚಿಯನ್ ಬೆಟ್ಟಸಾಲಿನ ಈ ಸಣ್ಣ ಊರು ಅರ್ಧ ವರ್ಜೀನಿಯಾದಲ್ಲಿದೆ, ಅರ್ಧ ಟೆನೆಸ್ಸಿಯಲ್ಲಿದೆ. ಪೇಟೆಬೀದಿಯ ಹೆಸರು ಸ್ಟೇಟ್ ಸ್ಟ್ರೀಟ್. ಅದರ ನಟ್ಟನಡುವೆ ರಾಜ್ಯದ ಗಡಿ, ಗುರುತಿಗೆ ನೆಲದಲ್ಲಿ ಹಿತ್ತಾಳೆ ಬಿಲ್ಲೆಗಳು.

1927ರ ಜುಲೈ 25ರಿಂದ ಆಗಸ್ಟ್ 5ರವರೆಗೆ ಪ್ಲೇಟು ತಯಾರಿಸುವ ವಿಕ್ಟರ್ ಟಾಕಿಂಗ್ ಮೆಷಿನ್ ಕಂಪನಿಯ ಪರವಾಗಿ ರಾಲ್ಫ್ ಪಿಯರ್ ಇಲ್ಲಿ ಧ್ವನಿಮುದ್ರಣ ಮಾಡಿಸಿದರು. ಜೊತೆಗಿದ್ದವರು ಇಬ್ಬರು ಎಂಜಿನಿಯರುಗಳು. ಜಾಗ ಸ್ಟೇಟ್ ಸ್ಟ್ರೀಟಿನ ಟೆನೆಸ್ಸಿ ಬದಿಯ ಟೇಲರ್-ಕ್ರಿಶ್ಚಿಯನ್ ಹ್ಯಾಟ್ ಕಂಪನಿಯ ಕಟ್ಟಡ. 19 ತಂಡಗಳು, 76 ಮುದ್ರಣಗಳು. ಮೊದಲ ದಿನ ಹಾಡುಗಾರ ಎರ್ನೆಸ್ಟ್ ಸ್ಟೋನ್‌ಮನ್. ಆಗಸ್ಟ್ 1 ಮತ್ತು 2ರಂದು ಕಾರ್ಟರ್ ಕುಟುಂಬ, ಅಂದರೆ ಎ.ಪಿ. ಕಾರ್ಟರ್, ಹೆಂಡತಿ ಸಾರಾ, ತಮ್ಮನ ಹೆಂಡತಿ ಮೇಬೆಲ್. ಸುಮಾರು 25 ಮೈಲಿ ದೂರದ ಮೇಸಸ್ ಸ್ಪ್ರಿಂಗ್‌ನಿಂದ ಕಾರಿನಲ್ಲಿ ಬಂದಿದ್ದರು. ಮೇಬೆಲ್‌ಗೆ ಆಗ 18 ವರ್ಷ, ತುಂಬು ಗರ್ಭಿಣಿ. ಆಗಸ್ಟ್ 4ರಂದು ಹಾಡುಗಾರ ಜಿಮ್ಮಿ ರಾಜರ್ಸ್.

ಕೇಳುವುದು, ನುಡಿಸುವುದು, ಹೋಗಿ ನೋಡುವುದು, ಈ ಮೂರಕ್ಕೂ ಉಪಯೋಗವಾಗುವ ವಿವರಗಳನ್ನು ಇಲ್ಲಿ ಸೇರಿಸೋಣ.

ತಂಬೂರಿತಂತಿ:
ಒಳ್ಳೆಯ ಕೆಲಸ ಸರ್. ಒಂದು ಆಕ್ಷೇಪ ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದ ಕಾಂಗ್ರೆಸ್ 1998ರಲ್ಲಿ ಬ್ರಿಸ್ಟಲ್ಲನ್ನು ಕಂಟ್ರಿ ಸಂಗೀತದ ಜನ್ಮಸ್ಥಳ ಎಂದು ಗುರುತಿಸಿತು, ಸರಿ. ಆದರೆ ಪಿಟೀಲುಗಾರ ಎಕ್ ರಾಬರ್ಟ್‌ಸನ್ ನ್ಯೂಯಾರ್ಕಿಗೆ ಹೋಗಿ ವಿಕ್ಟರ್‌ಗೆ ನುಡಿಸಿದ್ದು 1922ರಲ್ಲಿ. ಅಟ್ಲಾಂಟಾದಲ್ಲಿ ಫಿಡ್ಲಿನ್ ಜಾನ್ ಕಾರ್ಸನ್ ಅವರ ಮುದ್ರಣ 1923ರದ್ದು, ಅದನ್ನು ಮಾಡಿಸಿದವರೂ ಇದೇ ಪಿಯರ್, ಆಗ ಓಕೆ ಕಂಪನಿಯಲ್ಲಿದ್ದರು. ಸ್ಟೋನ್‌ಮನ್ ಅವರೇ 1924ರಿಂದ ಪ್ಲೇಟು ಕೊಡುತ್ತಿದ್ದರು. ಹಾಗಿದ್ದಮೇಲೆ 1927ರಲ್ಲಿ ಹುಟ್ಟಿದ್ದು ಏನು?

ಹಳೇಪ್ಲೇಟು:
ಹುಟ್ಟು ಎಂಬ ಮಾತನ್ನು ಪಕ್ಕಕ್ಕಿಟ್ಟು ಆ ಎರಡು ವಾರದಲ್ಲಿ ಏನೇನು ಒಟ್ಟಿಗೆ ಸೇರಿತು ನೋಡಿ.

ಒಂದು, ಮೈಕ್. 1925ರವರೆಗೆ ದೊಡ್ಡ ತುತ್ತೂರಿಯ ಬಾಯಿಗೆ ಮುಖಕೊಟ್ಟು ಕೂಗಿ ಹಾಡಬೇಕಿತ್ತು. ಗಿಟಾರಿನಂಥ ಮೆಲುದನಿಯ ವಾದ್ಯ ಅದರಲ್ಲಿ ಕಳೆದೇಹೋಗುತ್ತಿತ್ತು. ವೆಸ್ಟರ್ನ್ ಎಲೆಕ್ಟ್ರಿಕ್‌ನ ವಿದ್ಯುತ್ ಮುದ್ರಣ ಪದ್ಧತಿ ಬಂದಮೇಲೆ ಸಾರಾ ಮನೆಯಲ್ಲಿ ಹಾಡುವ ದನಿಯಲ್ಲೇ ಹಾಡಬಹುದಾಯಿತು. ಮೇಬೆಲ್ ಹೆಬ್ಬೆರಳು ನುಡಿಸುವ ಮಂದ್ರ ತಂತಿಗಳು ಬಿಡಿಬಿಡಿಯಾಗಿ ಕೇಳುವುದೂ ಇದರಿಂದಲೇ.

ಎರಡು, ಹಕ್ಕು. ಪಿಯರ್ ವಿಕ್ಟರ್‌ನಿಂದ ದೊಡ್ಡ ಸಂಬಳ ಕೇಳಲಿಲ್ಲ, ಹಾಡುಗಳ ಪ್ರಕಾಶನದ ಹಕ್ಕು ತನಗಿರಲಿ ಎಂದು ಒಪ್ಪಂದ ಮಾಡಿಕೊಂಡರು. ಆದ್ದರಿಂದ ಹಕ್ಕು ನೋಂದಾಯಿಸಲು ಬರುವಂಥ ಹಾಡೇ ಅವರಿಗೆ ಬೇಕಿತ್ತು: ಸ್ವಂತದ್ದು, ಇಲ್ಲವೇ ಹಳೆಯದನ್ನು ಬೇರೆಯೇ ಎನಿಸುವಷ್ಟು ಬದಲಿಸಿ ಕಟ್ಟಿದ್ದು. ಎಲ್ಲರಿಗೂ ಗೊತ್ತಿರುವ ಹಾಡನ್ನೇ ತಂದವರನ್ನು ಹೊಸದೇನಿದೆ ಎಂದು ಕೇಳುತ್ತಿದ್ದರು. ಎ.ಪಿ. ಕಾರ್ಟರ್ ಮುಂದೆ ವರ್ಷಗಟ್ಟಲೆ ಬೆಟ್ಟದ ಮನೆಮನೆ ಸುತ್ತಿ ಹಾಡು ಕೂಡಿಸಿ ತಿದ್ದಿ ಕಟ್ಟಿದ್ದಕ್ಕೆ ಈ ಒಪ್ಪಂದವೇ ಹಿನ್ನೆಲೆ. ಕಾರ್ಟರ್‌ಗಳಿಗೆ ಕೈಗೆ ಬಂದದ್ದು ಹಾಡಿಗೆ 50 ಡಾಲರ್, ಮೇಲೆ ಮಾರಾಟದ ಮೇಲಿನ ಸಣ್ಣ ಪಾಲು.

ಮೂರು, ಸುದ್ದಿ. ಸ್ಟೋನ್‌ಮನ್ ಹಿಂದಿನ ವರ್ಷ ಪ್ಲೇಟಿನಿಂದ 3,600 ಡಾಲರ್ ಗಳಿಸಿದರೆಂದು ಊರಿನ ಪತ್ರಿಕೆ ಬರೆಯಿತು. ಮಂದವಾಗಿದ್ದ ವಾರ ಅದರಿಂದ ತುಂಬಿಕೊಂಡಿತು. ಬ್ರಿಸ್ಟಲ್ ರೈಲು ಜಂಕ್ಷನ್ ಆಗಿದ್ದರಿಂದ ಸುತ್ತಲ ಬೆಟ್ಟದವರು ಒಂದು ದಿನದಲ್ಲಿ ಬಂದು ಮುಟ್ಟಬಹುದಿತ್ತು.

ಮೈಕ್, ಹಕ್ಕು, ಹಾಡುಗಾರರು, ಮೂರೂ ಒಂದೇ ಕೋಣೆಯಲ್ಲಿ ಕೂಡಿದ್ದು ಇಲ್ಲಿ. ಆಮೇಲಿನ ಕಂಟ್ರಿ ಉದ್ಯಮ ನಡೆದದ್ದು ಈ ಅಚ್ಚಿನಲ್ಲೇ. ನನ್ನ ಲೆಕ್ಕದಲ್ಲಿ ಬ್ರಿಸ್ಟಲ್‌ನ ಹಿರಿಮೆ ಅಷ್ಟೇ, ಅದು ಸಣ್ಣದಲ್ಲ.

ಬೆಟ್ಟದಹೂ:
ಪಿಯರ್ 1928ರ ಶರತ್ಕಾಲದಲ್ಲಿ ಮತ್ತೆ ಬ್ರಿಸ್ಟಲ್‌ಗೆ ಬಂದು ಮುದ್ರಿಸಿದ್ದನ್ನೂ ಸೇರಿಸಿಕೊಳ್ಳಿ. ಹತ್ತಿರದ ಜಾನ್ಸನ್ ಸಿಟಿಯಲ್ಲಿ ಕೊಲಂಬಿಯಾ ಕಂಪನಿ 1928 ಮತ್ತು 1929ರಲ್ಲಿ ಮಾಡಿಸಿದ ಮುದ್ರಣಗಳೂ ಕೇಳಲೇಬೇಕಾದವು. ಒಂದೇ ಊರಿಗೆ ಎಲ್ಲವನ್ನೂ ಕಟ್ಟಿದರೆ ಆ ಕಡೆಯ ಬ್ಯಾಂಜೊ ಕೈಗಳು ತಪ್ಪಿಹೋಗುತ್ತವೆ.

ಮೇಣದಚಕ್ರ:
ಮುದ್ರಣ ಹೇಗಾಗುತ್ತಿತ್ತು ಎಂಬುದು ತಿಳಿದರೆ ಹಾಡುಗಳು ಹಾಗೇಕಿವೆ ಎಂಬುದು ಅರ್ಥವಾಗುತ್ತದೆ. ಟೇಪ್ ಇನ್ನೂ ಇಲ್ಲ. ಒಂದು ಇಂಚಿಗೂ ದಪ್ಪದ ಮೇಣದ ಚಕ್ರ, ಅದರ ಮೇಲೆ ಕೊರೆಯುವ ಮುಳ್ಳು. ಮೇಣ ತಣ್ಣಗಿದ್ದರೆ ಗೀರು ಒರಟಾಗಿ ಗರಗರ ಸದ್ದು ಬರುತ್ತದೆ, ಆದ್ದರಿಂದ ಮೊದಲೇ ಹದವಾಗಿ ಬೆಚ್ಚಗಿಡಬೇಕು. ಚಕ್ರ ತಿರುಗಿಸಲು ಮೋಟಾರು ಬಳಸುತ್ತಿರಲಿಲ್ಲ, ರಾಟೆಯಿಂದ ಇಳಿಯುವ ತೂಕದ ಗುಂಡು ತಿರುಗಿಸುತ್ತಿತ್ತು. ಮೋಟಾರಿನ ಅದುರು ಮೇಣಕ್ಕೆ ಇಳಿಯುತ್ತದೆ, ವೇಗವೂ ಕರೆಂಟಿನ ಜೊತೆ ಏರಿಳಿಯುತ್ತದೆ. ತೂಕಕ್ಕೆ ಆ ಕಾಟವಿಲ್ಲ, ಪ್ರತಿ ಸಲ ಮೇಲೆತ್ತಬೇಕು ಅಷ್ಟೆ. ಗೋಡೆಗಳಿಗೆ ಮಾರ್ದನಿ ಹೀರಲು ಕಂಬಳಿಗಳು.

ಹತ್ತು ಇಂಚಿನ ಪ್ಲೇಟಿನಲ್ಲಿ ಹಿಡಿಸುವುದು ಮೂರು ನಿಮಿಷ ಚಿಲ್ಲರೆ. ಐದಾರು ಚರಣದ ಹಾಡು ಮೂರಕ್ಕೆ ಇಳಿಯುವುದು ಇದರಿಂದ. ಕೆಂಟಕಿಯ ಬಿ.ಎಫ್. ಶೆಲ್ಟನ್ ಅವರ ಎರಡು ಬ್ಯಾಂಜೊ ಹಾಡುಗಳನ್ನು ಮಾತ್ರ 12 ಇಂಚಿನ ಪ್ಲೇಟಿನಲ್ಲಿ ಹೊರತಂದರು, ಅವು ನಾಲ್ಕು ನಿಮಿಷ ದಾಟುತ್ತವೆ. ಆ ಬಿಡುವು ಕಿವಿಗೆ ತಕ್ಷಣ ಗೊತ್ತಾಗುತ್ತದೆ.

ಕೊರೆದ ಮೇಣವನ್ನು ಒಮ್ಮೆ ಮುಳ್ಳಿಟ್ಟು ಕೇಳಿದರೆ ಗೀರು ಕೆಟ್ಟುಹೋಗುತ್ತದೆ. ಅದಕ್ಕೇ ಸಾಮಾನ್ಯವಾಗಿ ಒಂದು ಹಾಡಿಗೆ ಎರಡು ಮುದ್ರಣ. ಕಾಲು ನೆಲಕ್ಕೆ ಬಡಿದರೆ, ಹಾಡುಗಾರ ಮೈಕಿನಿಂದ ಸರಿದರೆ, ಪದ ತಪ್ಪಿದರೆ ತಿದ್ದಲು ದಾರಿಯೇ ಇಲ್ಲ. ಮೇಣದ ಚಕ್ರಗಳು ನ್ಯೂಜೆರ್ಸಿಯ ಕ್ಯಾಮ್ಡನ್ ಕಾರ್ಖಾನೆಗೆ ಹೋಗಿ ಅಲ್ಲಿ ಲೋಹದ ಲೇಪ ಹಿಡಿದು ಅಚ್ಚಾಗುತ್ತಿದ್ದವು.

ಸರಿಗಮ_ಗಿಟಾರ್:
ಯೂಟ್ಯೂಬಿನಲ್ಲಿ ಒಂದೇ ಹಾಡು ಬೇರೆಬೇರೆ ಶ್ರುತಿಯಲ್ಲಿ ಸಿಗುತ್ತಿದೆ. ಯಾವುದನ್ನು ನಂಬಬೇಕು?

ಮೇಣದಚಕ್ರ:
ಕಾರಣ ತಿರುಗುವ ವೇಗ. ಹೆಸರಿಗೆ ನಿಮಿಷಕ್ಕೆ 78 ಸುತ್ತು, ಆದರೆ ಆ ಕಾಲದ ಮುದ್ರಣಗಳು 76ರ ಆಸುಪಾಸಿನಲ್ಲೂ ಇರುತ್ತವೆ. 76ರಲ್ಲಿ ಕೊರೆದದ್ದನ್ನು 78ರಲ್ಲಿ ಓಡಿಸಿದರೆ ಶ್ರುತಿ ಸುಮಾರು 45 ಸೆಂಟ್ ಏರುತ್ತದೆ, ಅಂದರೆ ಒಂದು ಫ್ರೆಟ್ ಅಂತರದಲ್ಲಿ ಅರ್ಧಕ್ಕೆ ಸ್ವಲ್ಪ ಕಡಿಮೆ. ಗಿಟಾರಿನ ಶ್ರುತಿಯೂ ಆಗ ಈಗಿನ ರೂಢಿಯ 440 ಹರ್ಟ್ಸ್‌ಗೆ ಕಟ್ಟುಬಿದ್ದಿರಲಿಲ್ಲ. ಆದ್ದರಿಂದ ಟ್ಯೂನರ್ ಒಂದನ್ನೇ ನಂಬಿ ವೇಗ ಕಂಡುಹಿಡಿಯಲಾಗದು. ಖಾಲಿ ತಂತಿ ಯಾವುದು ಮೊಳಗುತ್ತಿದೆ ಎಂದು ಕೇಳಿ ಕೈಯ ಆಕಾರ ಗುರುತಿಸಿ, ಆಮೇಲೆ ನಿಮ್ಮ ಗಿಟಾರನ್ನು ಆ ದನಿಗೆ ಇಳಿಸಿ ಅಥವಾ ಏರಿಸಿ. ಕಲಿಯಲು ಇಷ್ಟು ಸಾಕು. ಕೇಳಲು ಬೇರ್ ಫ್ಯಾಮಿಲಿ ಕಂಪನಿ 2011ರಲ್ಲಿ ತಂದ ಐದು ಸಿಡಿಗಳ ಕಟ್ಟು ಒಳ್ಳೆಯದು, 1928ರ ಮುದ್ರಣಗಳೂ ಅದರಲ್ಲಿವೆ.

ಅರಗುಮನೆ:
ಮೂಲ ಪ್ಲೇಟು ಸಿಕ್ಕವರಿಗೆ ಕೆಲವು ಮಾತು. ಲೇಬಲ್ ಪಕ್ಕದ ಖಾಲಿ ಅಂಚಿನಲ್ಲಿ ಮೊಟ್ಟೆಯಾಕಾರದೊಳಗೆ ವಿ ಇ ಅಕ್ಷರಗಳಿದ್ದರೆ ಅದು ವಿಕ್ಟರ್‌ನ ವಿದ್ಯುತ್ ಮುದ್ರಣ. ರಾಜರ್ಸ್ ಅವರ ಬ್ರಿಸ್ಟಲ್ ಪ್ಲೇಟಿನ ಸಂಖ್ಯೆ ವಿಕ್ಟರ್ 20864, ಕಾರ್ಟರ್‌ಗಳ ಮೊದಲ ಪ್ಲೇಟು 20877. ರಾಜರ್ಸ್ ಹಾಡುಗಳು ಭಾರತದಲ್ಲಿ ಟ್ವಿನ್ ಲೇಬಲ್ಲಿನಲ್ಲೂ ಬಂದಿದ್ದರಿಂದ ಹಳೆ ಸಾಮಾನಿನ ಅಂಗಡಿಗಳಲ್ಲಿ ಹುಡುಕುವುದು ವ್ಯರ್ಥವಲ್ಲ.

ಪ್ಲೇಟಿನ ಅಂಟು ಪದಾರ್ಥ ಅರಗು. ಅಮೆರಿಕದ ಪ್ಲೇಟುಗಳಿಗೂ ಅರಗು ಬಹುಪಾಲು ಹೋಗುತ್ತಿದ್ದದ್ದು ಭಾರತದಿಂದ. ಚನ್ನಪಟ್ಟಣದ ಬೊಂಬೆಗೆ ಬಣ್ಣ ಹಿಡಿಸುವುದೂ ಅರಗೇ. ಉಳಿದದ್ದು ಕಲ್ಲಿನ ಪುಡಿ, ಮಸಿ, ಹತ್ತಿಯ ನಾರು. ಚರಚರ ಸದ್ದಿಗೆ ಮುಖ್ಯ ಕಾರಣ ಆ ಕಲ್ಲಿನ ಪುಡಿ. ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ, ಆದ್ದರಿಂದ ಎಲ್‌ಪಿ ತೊಳೆಯುವ ಸ್ಪಿರಿಟ್ ದ್ರಾವಣವನ್ನು ಇದಕ್ಕೆ ಹಾಕಬಾರದು, ಹಾಕಿದರೆ ಗೀರೇ ಹೋಗುತ್ತದೆ. ಡಿಸ್ಟಿಲ್ಡ್ ವಾಟರ್ ಅರ್ಧ ಲೀಟರಿಗೆ ಪಾತ್ರೆ ತೊಳೆಯುವ ಸಾಬೂನು ದ್ರವ ಒಂದೆರಡು ಹನಿ. ಮೆತ್ತನೆ ಬ್ರಶ್ಶನ್ನು ಗೀರಿನ ಗುಂಟ ಸುತ್ತಾಗಿ ಆಡಿಸಿ, ಅಡ್ಡ ಉಜ್ಜಬೇಡಿ. ಲೇಬಲ್ ಒದ್ದೆಯಾಗದಂತೆ ನೋಡಿಕೊಳ್ಳಿ. ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಇನ್ನೊಮ್ಮೆ ತೊಳೆದು ಕೂಡಲೇ ಒರೆಸಿ, ನೆರಳಲ್ಲಿ ನಿಲ್ಲಿಸಿ ಒಣಗಿಸಿ. ಬಿಸಿಲಿಗಿಟ್ಟರೆ ಬಾಗುತ್ತದೆ, ಬಾಗಿದ ಮೇಲೆ ತಿದ್ದಲು ಹೋದರೆ ಸೀಳುತ್ತದೆ. ಇಡುವಾಗ ಒಂದರ ಮೇಲೊಂದು ಪೇರಿಸದೆ ಲಂಬವಾಗಿ ನಿಲ್ಲಿಸಿ.

ಈಗಿನ ಟರ್ನ್‌ಟೇಬಲ್‌ನಲ್ಲಿ ಓಡಿಸುವುದಾದರೆ ಎಲ್‌ಪಿ ಮುಳ್ಳು ಬೇಡ. ಎಲ್‌ಪಿ ಮುಳ್ಳಿನ ತುದಿ ಸುಮಾರು 18 ಮೈಕ್ರಾನ್, 78ರದ್ದು ಸುಮಾರು 76. ಸಣ್ಣ ಮುಳ್ಳು ಅಗಲ ಗೀರಿನ ತಳಕ್ಕಿಳಿದು ಅಲ್ಲಿಯ ಕಸದ ಮೇಲೆ ಓಡುತ್ತದೆ, ಹಾಡಿಗಿಂತ ಗದ್ದಲವೇ ಹೆಚ್ಚು ಕೇಳುತ್ತದೆ. ಕಾರ್ಟ್ರಿಡ್ಜ್‌ನ ಎರಡೂ ಚಾನೆಲ್ ಕೂಡಿಸಿ ಮೋನೋ ಮಾಡಿ: ಈ ಗೀರಿನಲ್ಲಿ ದನಿ ಇರುವುದು ಎಡಬಲದ ಅಲುಗಾಟದಲ್ಲಿ, ಮೇಲೆ ಕೆಳಗಿನ ಅಲುಗಾಟ ಬರೀ ಸದ್ದು, ಕೂಡಿಸಿದಾಗ ಅದು ಒಂದನ್ನೊಂದು ಹೊಡೆದುಹಾಕುತ್ತದೆ. ಆರ್‌ಐಎಎ ಫೋನೋ ಹಂತದಿಂದಲೂ, ಅಂದರೆ ಎಲ್‌ಪಿಗೆ ತಕ್ಕಂತೆ ದನಿ ಹೊಂದಿಸುವ ಆಂಪ್ಲಿಫೈಯರ್ ಭಾಗದಿಂದಲೂ ತೊಂದರೆ. ಆ ಪದ್ಧತಿ ಬಂದದ್ದು 1954ರಲ್ಲಿ. 1927ರ ಪ್ಲೇಟಿನಲ್ಲಿ ಮೇಲಿನ ಸ್ವರಗಳನ್ನು ಎತ್ತಿ ಕೊರೆದಿಲ್ಲ, ಆರ್‌ಐಎಎ ಮಾತ್ರ ಅವನ್ನು ಇಳಿಸುತ್ತದೆ, ದನಿ ಕಂಬಳಿ ಹೊದ್ದಂತಾಗುತ್ತದೆ. ಫ್ಲ್ಯಾಟ್ ಆಗಿ ಕಂಪ್ಯೂಟರಿಗೆ ತೆಗೆದುಕೊಂಡು ಆಮೇಲೆ ಕಿವಿಗೆ ಹೊಂದಿಸುವುದು ಮೇಲು. ಗದ್ದಲ ತೆಗೆಯುವ ಸಾಫ್ಟ್‌ವೇರನ್ನು ಅತಿಯಾಗಿ ಓಡಿಸಿದರೆ ಸಾರಾ ನುಡಿಸುವ ಆಟೋಹಾರ್ಪಿನ (ಪಟ್ಟಿ ಒತ್ತಿ ಕಾರ್ಡ್ ನುಡಿಸುವ ತಂತಿವಾದ್ಯ) ಮಿನುಗು ಮೊದಲು ಸಾಯುತ್ತದೆ. ಸ್ವಲ್ಪ ಚರಚರ ಇರಲಿ.

ತಂಬೂರಿತಂತಿ:
ಅಂಥ ಡಿಜಿಟಲ್ ಪ್ರತಿಯನ್ನು ನೆಟ್ಟಿಗೆ ಹಾಕಬಹುದೇ?

ಅರಗುಮನೆ:
ಅಮೆರಿಕದ 2018ರ ಕಾನೂನಿನಂತೆ 1923ರಿಂದ 1946ರ ನಡುವೆ ಹೊರಬಂದ ಧ್ವನಿಮುದ್ರಣಗಳಿಗೆ ನೂರು ವರ್ಷದ ರಕ್ಷಣೆ. 1927ರಲ್ಲೇ ಮಾರುಕಟ್ಟೆಗೆ ಬಂದವು 2028ರ ಜನವರಿ 1ಕ್ಕೆ ಬಿಡುಗಡೆ. ಮುದ್ರಣ 1927ರದ್ದಾಗಿ ಪ್ಲೇಟು 1928ರಲ್ಲಿ ಬಂದಿದ್ದರೆ ಇನ್ನೊಂದು ವರ್ಷ ಕಾಯಬೇಕು. ಭಾರತದಲ್ಲಿ ಧ್ವನಿಮುದ್ರಣಕ್ಕೆ ಪ್ರಕಟಣೆಯಿಂದ 60 ವರ್ಷ. ಆದರೆ ನೀವು ಹಾಕುವ ಜಾಲತಾಣ ಅಮೆರಿಕದ್ದಾದರೆ ಅವರು ಅಲ್ಲಿನ ನಿಯಮವನ್ನೇ ನೋಡುತ್ತಾರೆ. ಹಾಡಿನ ರಚನೆಯ ಹಕ್ಕು ಬೇರೆ ಲೆಕ್ಕ.

ಸರಿಗಮ_ಗಿಟಾರ್:
ಈಗ ನುಡಿಸುವ ವಿಷಯಕ್ಕೆ ಬರೋಣ. ಮೇಬೆಲ್ ಅವರ ಗಿಟಾರ್ ಶೈಲಿ, ಕಾರ್ಟರ್ ಸ್ಕ್ರ್ಯಾಚ್ ಅನ್ನುತ್ತಾರಲ್ಲ, ಅದನ್ನು ಶುರುಮಾಡುವುದು ಹೇಗೆ? ಟ್ಯಾಬ್ (ತಂತಿ, ಫ್ರೆಟ್ ತೋರಿಸುವ ಬರಹ) ನೋಡಿ ನುಡಿಸಿದರೆ ಬರೀ ಕಾರ್ಡ್ ಬಡಿದಂತೆ ಕೇಳುತ್ತದೆ, ರಾಗ ಮೇಲೆ ಬರುವುದಿಲ್ಲ.

ಹೆಬ್ಬೆರಳು:
ಬಲಗೈ ಕೆಲಸ ಎರಡೇ. ಹೆಬ್ಬೆರಳು ಮಂದ್ರ ತಂತಿಗಳಲ್ಲಿ ರಾಗ ನುಡಿಸುತ್ತದೆ, ತೋರುಬೆರಳು ಮೇಲಿನ ತಂತಿಗಳನ್ನು ಸವರುತ್ತದೆ. ರಾಗ ಕೇಳದಿರಲು ಬಹುತೇಕ ಒಂದೇ ಕಾರಣ: ತೋರುಬೆರಳು ಆರೂ ತಂತಿ ಸವರುತ್ತಿದೆ. ಅದು 1, 2, 3ನೇ ತಂತಿ ಬಿಟ್ಟು ಬೇರೆ ತಂತಿ ಮುಟ್ಟಬಾರದು, ಎರಡೇ ತಂತಿ ಮುಟ್ಟಿದರೂ ಸಾಕು. ಹೆಬ್ಬೆರಳಿಗೆ ಪ್ಲಾಸ್ಟಿಕ್ ಪಿಕ್, ತೋರುಬೆರಳಿಗೆ ಲೋಹದ ಪಿಕ್ ಹಾಕಿ. ಪಿಕ್ ಇಲ್ಲದೆ ಹೆಬ್ಬೆರಳಿನ ದನಿ ಮೆತ್ತಗಾಗಿ ಸವರುವ ದನಿಯ ಕೆಳಗೆ ಹೂತುಹೋಗುತ್ತದೆ.

ಸಿ ಆಕಾರದಲ್ಲಿ ಶುರುಮಾಡಿ. ನಮ್ಮ ಲೆಕ್ಕದಲ್ಲಿ ಶಂಕರಾಭರಣದ ಸ್ವರಗಳು, ಷಡ್ಜ ಸಿ. ಸ ಐದನೇ ತಂತಿಯ 3ನೇ ಫ್ರೆಟ್. ರಿ ನಾಲ್ಕನೇ ತಂತಿ ಖಾಲಿ, ಗ ಅದರ 2ನೇ ಫ್ರೆಟ್, ಮ ಅದರ 3ನೇ ಫ್ರೆಟ್. ಪ ಮೂರನೇ ತಂತಿ ಖಾಲಿ, ದ ಅದರ 2ನೇ ಫ್ರೆಟ್, ನಿ ಎರಡನೇ ತಂತಿ ಖಾಲಿ. ಕೆಳಗೆ ಮಂದ್ರ ನಿ ಐದನೇ ತಂತಿಯ 2ನೇ ಫ್ರೆಟ್, ಮಂದ್ರ ದ ಐದನೇ ತಂತಿ ಖಾಲಿ, ಮಂದ್ರ ಪ ಆರನೇ ತಂತಿಯ 3ನೇ ಫ್ರೆಟ್. ಎಡಗೈ ಸಿ ಕಾರ್ಡ್ ಹಿಡಿದೇ ಇರಲಿ. ಬೇಕಾದ ಬೆರಳನ್ನಷ್ಟೇ ಎತ್ತಿ ಸ್ವರ ಮುಟ್ಟಿ ಮತ್ತೆ ಜಾಗಕ್ಕೆ ತನ್ನಿ. ಇಡೀ ಕೈ ಎತ್ತಿದರೆ ಸವರುವಾಗ ಕಾರ್ಡ್ ಇರುವುದಿಲ್ಲ, ಖಾಲಿ ತಂತಿ ಅಪಸ್ವರ ನುಡಿಯುತ್ತದೆ.

ಮೊದಲ ವಾರ ರಾಗವನ್ನು ಹೆಬ್ಬೆರಳಲ್ಲಿ ಮಾತ್ರ ನುಡಿಸಿ, ನಿಮಿಷಕ್ಕೆ 60 ಪೆಟ್ಟು. ಬಾಯಲ್ಲಿ ಹಾಡುತ್ತ ನುಡಿಸಿ. ಆಮೇಲೆ ಪ್ರತಿ ಸ್ವರದ ನಂತರ ಕೆಳಮುಖವಾಗಿ ಒಂದು ಸವರು: ಸ್ವರ, ಸವರು, ಸ್ವರ, ಸವರು. ಅದು ಕೂತ ಮೇಲೆ ಎರಡನೇ ಪೆಟ್ಟಿನ ಅರ್ಧಕ್ಕೆ ತೋರುಬೆರಳು ವಾಪಸ್ ಬರುವಾಗ ಒಂದನೇ ತಂತಿಯನ್ನು ಹಗುರವಾಗಿ ಮೀಟಲಿ. ಈ ವಾಪಸ್ ಮೀಟನ್ನು ಮೊದಲೇ ಸೇರಿಸಿದರೆ ಹೆಬ್ಬೆರಳು ತಡವಾಗುತ್ತದೆ, ಲಯ ಕುಂಟುತ್ತದೆ. ರಿ ಇಂದ ಗ ಗೆ ಹೋಗುವಾಗ ರಿ ಮೀಟಿ ಎಡಗೈ ಬೆರಳನ್ನು 2ನೇ ಫ್ರೆಟ್ಟಿಗೆ ಬಡಿದು ಗ ಬರಿಸಿ. ಆ ಶೈಲಿಯ ರುಚಿ ಇರುವುದು ಅಲ್ಲೇ.

ಮೆಟ್ರೊನೋಮ್ ಕಲಿಯುವಾಗ ಸರಿ, ಹಾಡಿನ ಜೊತೆ ನುಡಿಸುವಾಗ ನಿಲ್ಲಿಸಿ. ಕಾರ್ಟರ್ ಹಾಡುಗಳಲ್ಲಿ ಸಾಲಿನ ಕೊನೆಗೆ ಒಂದೆರಡು ಪೆಟ್ಟು ಹೆಚ್ಚೋ ಕಡಿಮೆಯೋ ಬರುತ್ತದೆ, ಸಾರಾ ಉಸಿರು ತೆಗೆದುಕೊಳ್ಳುವ ಜಾಗ ಅದು. ನಮ್ಮ ಹಾಗೆ ಆವರ್ತ ಎಣಿಸುವ ಅಭ್ಯಾಸದವರು ಅಲ್ಲಿ ತಪ್ಪುತ್ತಾರೆ. ಎಣಿಸಬೇಡಿ, ಸಾಹಿತ್ಯ ಹಿಡಿದು ಹೋಗಿ. ಆ ಪೆಟ್ಟುಗಳನ್ನು ನಾಲ್ಕಕ್ಕೆ ಸರಿಮಾಡಿ ನುಡಿಸುವವರೂ ಇದ್ದಾರೆ. ಹಾಗೆ ಮಾಡಿದರೆ ಹಾಡು ನಯವಾಗುತ್ತದೆ, ಸಪ್ಪೆಯೂ ಆಗುತ್ತದೆ.

ಸರಿಗಮ_ಗಿಟಾರ್:
ಮೇಬೆಲ್ ನುಡಿಸುತ್ತಿದ್ದ ಗಿಬ್ಸನ್ ಎಲ್-5 ಥರದ ಗಿಟಾರೇ ಬೇಕೇ?

ಹೆಬ್ಬೆರಳು:
ಬ್ರಿಸ್ಟಲ್ ಮುದ್ರಣದ ಹೊತ್ತಿಗೆ ಮೇಬೆಲ್ ಬಳಿ ಎಲ್-5 ಇರಲಿಲ್ಲ, ಹಣ ಬರತೊಡಗಿದ ಮೇಲೆ ಕೊಂಡದ್ದು. ಯಾವುದೇ ಸ್ಟೀಲ್ ತಂತಿಯ ಅಕೌಸ್ಟಿಕ್ ಸಾಕು. ತಂತಿಯ ದಪ್ಪ ನೋಡಿ 12ರ ಲೈಟ್ ಸೆಟ್ ಹಾಕಿ. 10ರ ಸೆಟ್ಟಿನಲ್ಲಿ ಮಂದ್ರ ತಂತಿ ಸಡಿಲವಾಗಿ ಪಿಕ್‌ಗೆ ಟಪ್ಪೆಂದು ಬಡಿಯುತ್ತದೆ. ನೈಲಾನ್ ತಂತಿಯಲ್ಲಿ ಮಾತ್ರ ಈ ದನಿ ಬರುವುದಿಲ್ಲ.

ಬೆಟ್ಟದಹೂ:
ಇಲ್ಲಿ ಎರಡು ಹೆಸರು ಹೇಳದೆ ಹೋದರೆ ಅನ್ಯಾಯ. ಎಲ್ ವಾಟ್ಸನ್, 1927ರ ಮುದ್ರಣಗಳಲ್ಲಿದ್ದ ಕಪ್ಪು ಹಾರ್ಮೋನಿಕಾ ವಾದಕ. ಕಂಪನಿಗಳು ಬಿಳಿಯರ ಪ್ಲೇಟು, ಕರಿಯರ ಪ್ಲೇಟು ಎಂದು ಪಟ್ಟಿ ಬೇರೆ ಮಾಡಿ ಮಾರುತ್ತಿದ್ದ ಕಾಲ, ಆದರೆ ಆ ಕೋಣೆಯಲ್ಲಿ ಇಬ್ಬರೂ ಒಟ್ಟಿಗೆ ನುಡಿಸಿದ್ದಾರೆ. ಎರಡನೆಯವರು ಲೆಸ್ಲಿ ರಿಡಲ್. ಕಿಂಗ್ಸ್‌ಪೋರ್ಟ್‌ನ ಕಪ್ಪು ಗಿಟಾರ್ ವಾದಕ, ಬ್ರಿಸ್ಟಲ್ ಮುದ್ರಣದ ನಂತರ ಎ.ಪಿ. ಜೊತೆ ಹಾಡು ಹುಡುಕಲು ಊರೂರು ತಿರುಗಿದವರು. ಎ.ಪಿ. ಪದಗಳನ್ನು ಬರೆದುಕೊಂಡರೆ ಧಾಟಿಯನ್ನು ನೆನಪಿನಲ್ಲಿ ಹೊತ್ತು ತರುತ್ತಿದ್ದವರು ರಿಡಲ್. ರಿಡಲ್ ಅವರಿಂದ ಮೇಬೆಲ್ ಕೂಡ ಕಲಿತರು. ಹೆಬ್ಬೆರಳು ಅವರು ಹೇಳಿದ ಕೈಯ ಹಿಂದೆ ಈ ಕೈಯೂ ಇದೆ.

ಹೆಬ್ಬೆರಳು:
ಖಂಡಿತ. ಬ್ರಿಸ್ಟಲ್‌ನ ಆರು ಹಾಡು ಕೇಳಿ, ಆಮೇಲೆ 1930ರ ಹೊತ್ತಿನ ಕಾರ್ಟರ್ ಪ್ಲೇಟುಗಳನ್ನು ಕೇಳಿ. ಗಿಟಾರಿನಲ್ಲಿ ಕಪ್ಪು ಜನರ ಬ್ಲೂಸ್ ಸಂಗೀತ ಸೇರಿಕೊಂಡದ್ದು ಸ್ಪಷ್ಟ ಗೊತ್ತಾಗುತ್ತದೆ.

ತಂಬೂರಿತಂತಿ:
ರಾಜರ್ಸ್ ಒಬ್ಬರೇ ಹಾಡಿದ್ದೇಕೆ? ತಂಡ ಕಟ್ಟಿಕೊಂಡು ಬಂದಿದ್ದರಲ್ಲವೇ?

ಹಳೇಪ್ಲೇಟು:
ತಂಡ ಇತ್ತು. ಮುದ್ರಣದ ಹಿಂದಿನ ರಾತ್ರಿ ಪ್ಲೇಟಿನ ಮೇಲೆ ಯಾರ ಹೆಸರು ಬರಬೇಕೆಂದು ಜಗಳವಾಯಿತು. ತಂಡದವರು ಟೆನೆವಾ ರಾಂಬ್ಲರ್ಸ್ ಎಂಬ ಹೆಸರಲ್ಲಿ ಬೇರೆ ಮುದ್ರಿಸಿದರು, ರಾಜರ್ಸ್ ತಮ್ಮ ಗಿಟಾರೊಂದನ್ನೇ ಹಿಡಿದು ಎರಡು ಹಾಡಿದರು. ಯೋಡಲ್, ಅಂದರೆ ದನಿಯನ್ನು ಥಟ್ಟನೆ ಮೇಲಕ್ಕೆ ಹಾರಿಸಿ ಹಾಡುವ ಬಗೆ, ಎರಡನೆಯದರಲ್ಲಿದೆ. ಎದೆಯ ದನಿಯಿಂದ ತಲೆಯ ದನಿಗೆ ಹಾರುವಾಗ ಅವರು ನಡುವಿನ ಮುರಿತವನ್ನು ಮುಚ್ಚುವುದಿಲ್ಲ, ಆ ಮುರಿತವನ್ನೇ ಹಾಡುತ್ತಾರೆ. ಅದೇ ನವೆಂಬರಿನಲ್ಲಿ ಕ್ಯಾಮ್ಡನ್‌ನಲ್ಲಿ ಮಾಡಿದ ಮುದ್ರಣ ಅವರನ್ನು ದೇಶಕ್ಕೆಲ್ಲ ಪರಿಚಯಿಸಿತು. ಕ್ಷಯದಿಂದ 1933ರಲ್ಲಿ ತೀರಿಕೊಂಡಾಗ 35 ವರ್ಷ.

ಬ್ಲೂರಿಡ್ಜ್_ಕನ್ನಡತಿ:
ಹೋಗುವವರಿಗೆ. ನ್ಯಾಶ್‌ವಿಲ್‌ನಿಂದ ಕಾರಿನಲ್ಲಿ ನಾಲ್ಕೂವರೆ ಗಂಟೆ, ಹೋಗುವಾಗ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ ಎಂಬುದನ್ನು ಸೇರಿಸಿ ಲೆಕ್ಕ ಹಾಕಿ. ಶಾರ್ಲಟ್‌ನಿಂದ ಸುಮಾರು ಮೂರು ಗಂಟೆ. ಹ್ಯಾಟ್ ಕಂಪನಿಯ ಕಟ್ಟಡ ಈಗ ಇಲ್ಲ, ಹುಡುಕಿ ದಣಿಯಬೇಡಿ. ಸ್ಟೇಟ್ ಸ್ಟ್ರೀಟಿನಲ್ಲಿ ಆ ಜಾಗದ ಗುರುತು ಮತ್ತು ಗೋಡೆಯ ದೊಡ್ಡ ಚಿತ್ರ ನೋಡಿ. ಬರ್ತ್‌ಪ್ಲೇಸ್ ಆಫ್ ಕಂಟ್ರಿ ಮ್ಯೂಸಿಕ್ ಮ್ಯೂಸಿಯಂ ವರ್ಜೀನಿಯಾ ಬದಿಯಲ್ಲಿದೆ, 2014ರ ಆಗಸ್ಟ್ 1ರಂದು ತೆರೆದದ್ದು, ಸ್ಮಿತ್‌ಸೋನಿಯನ್ ಜೊತೆ ಸಂಯೋಜಿತ. ಒಳಗೇ ರೇಡಿಯೋ ಬ್ರಿಸ್ಟಲ್ ಕೇಂದ್ರವಿದೆ, ನೆಟ್ಟಿನಲ್ಲೂ ಕೇಳಬಹುದು. ಕನಿಷ್ಠ ಎರಡು ಗಂಟೆ ಇಟ್ಟುಕೊಳ್ಳಿ. ಸೆಪ್ಟೆಂಬರಿನ ರಿದಮ್ ಅಂಡ್ ರೂಟ್ಸ್ ಉತ್ಸವಕ್ಕೆ ಹೋಗುವುದಾದರೆ ಕೋಣೆಯನ್ನು ತಿಂಗಳುಗಳ ಮೊದಲೇ ಹಿಡಿಯಿರಿ, ಊರು ಸಣ್ಣದು.

ಶನಿವಾರ ಬೀಳುವಂತೆ ಹೋಗಿ. ಹಿಲ್ಟನ್ಸ್‌ನ ಕಾರ್ಟರ್ ಫೋಲ್ಡ್ ಎಂಬ ಸಂಗೀತ ಸಭಾಂಗಣದಲ್ಲಿ ಶನಿವಾರ ಸಂಜೆ ಏಳೂವರೆಗೆ ಕಛೇರಿ. ಎ.ಪಿ. ಮತ್ತು ಸಾರಾ ಅವರ ಮಗಳು ಜನೆಟ್ 1974ರಲ್ಲಿ ತಂದೆಯ ಹಳೆ ದಿನಸಿ ಅಂಗಡಿಯಲ್ಲಿ ಶುರುಮಾಡಿದ್ದು. ವಿದ್ಯುತ್ ವಾದ್ಯಗಳಿಗೆ ಅವಕಾಶವಿಲ್ಲ, ಮದ್ಯವಿಲ್ಲ. ವೇದಿಕೆ ಮುಂದಿನ ನೆಲದಲ್ಲಿ ಊರಿನ ಹಿರಿಯರು ಬೂಟಿಗೆ ಲೋಹದ ಪಟ್ಟಿ ಹಾಕಿಕೊಂಡು ಕುಣಿಯುತ್ತಾರೆ, ಮುಂದಿನ ಸಾಲಿನಲ್ಲಿ ಕೂತರೆ ಗಿಟಾರಿಗಿಂತ ಅದೇ ಹೆಚ್ಚು ಕೇಳುತ್ತದೆ. ಸಂಗೀತ ಕೇಳಲು ನಡುಸಾಲು ಒಳ್ಳೆಯದು. ಕಂಟ್ರಿ ಗಾಯಕ ಜಾನಿ ಕ್ಯಾಶ್ ಕೊನೆಯ ಬಾರಿ ಜನರೆದುರು ಹಾಡಿದ್ದು ಇಲ್ಲೇ, 2003ರ ಜುಲೈ 5ರಂದು. ಬೆಟ್ಟದ ದಾರಿಯಲ್ಲಿ ಮೊಬೈಲ್ ಸಿಗ್ನಲ್ ನಂಬಬೇಡಿ, ನಕ್ಷೆ ಮೊದಲೇ ಇಳಿಸಿಕೊಳ್ಳಿ.

ಬೆಟ್ಟದಹೂ:
1927ರಲ್ಲೇ ನಿಲ್ಲಬೇಡಿ. 1946ರ ಕೊನೆಗೆ ಬ್ರಿಸ್ಟಲ್‌ನ ಡಬ್ಲ್ಯುಸಿವೈಬಿ ರೇಡಿಯೋದಲ್ಲಿ ಮಧ್ಯಾಹ್ನದ ನೇರ ಕಾರ್ಯಕ್ರಮ ಶುರುವಾಯಿತು, ಹೆಸರು ಫಾರ್ಮ್ ಅಂಡ್ ಫನ್ ಟೈಮ್. ಸ್ಟ್ಯಾನ್ಲಿ ಸಹೋದರರು, ಫ್ಲ್ಯಾಟ್ ಮತ್ತು ಸ್ಕ್ರಗ್ಸ್ ಅಲ್ಲಿ ಹಾಡಿದರು. ಬ್ಲೂಗ್ರಾಸ್ (ಬ್ಯಾಂಜೊ, ಪಿಟೀಲುಗಳ ವೇಗದ ಕಂಟ್ರಿ ಶೈಲಿ) ಬೆಟ್ಟದ ಮನೆಗಳಿಗೆ ಹಬ್ಬಿದ್ದರಲ್ಲಿ ಈ ಕೇಂದ್ರದ ಪಾಲು ದೊಡ್ಡದು. ಅದೇ ಹೆಸರಿನ ಕಾರ್ಯಕ್ರಮವನ್ನು ರೇಡಿಯೋ ಬ್ರಿಸ್ಟಲ್ ಮತ್ತೆ ನಡೆಸುತ್ತಿದೆ.

ಸರಿಗಮ_ಗಿಟಾರ್:
ಕೊನೆಯ ಪ್ರಶ್ನೆ. ಸಾರಾ ನುಡಿಸುವ ಆಟೋಹಾರ್ಪ್ ತರಿಸುವ ಆಸೆ ಇದೆ. ಮಂಗಳೂರಿನ ಹವೆಗೆ ತಡೆಯುತ್ತದೆಯೇ?

ಹೆಬ್ಬೆರಳು:
ತಡೆಯುತ್ತದೆ, ಜೋಪಾನ ಬೇಕು. ಈಗಿನವಕ್ಕೆ ಸಾಮಾನ್ಯವಾಗಿ 36 ತಂತಿ, 15 ಅಥವಾ 21 ಕಾರ್ಡ್ ಪಟ್ಟಿ. ಹೊಸ ತಂತಿ ಹಾಕಿದ ಮೇಲೆ ಮೂರು ನಾಲ್ಕು ದಿನ ದಿನಾ ಶ್ರುತಿ ಮಾಡಬೇಕು. ಒಂದು ತುದಿಯಿಂದ ಪೂರ್ತಿ ಬಿಗಿಯುತ್ತ ಹೋದರೆ ಮರ ಅಲುಗಿ ಮೊದಲಿನವು ಇಳಿಯುತ್ತವೆ, ಆದ್ದರಿಂದ ಎಲ್ಲವನ್ನೂ ಒಂದು ಸುತ್ತು ಹತ್ತಿರಕ್ಕೆ ತಂದು ಎರಡನೇ ಸುತ್ತಿನಲ್ಲಿ ನಿಖರ ಮಾಡಿ. ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಜೊತೆ ಸಣ್ಣ ಆರ್ದ್ರತೆ ಮಾಪಕ ಇಡಿ, ಶೇ. 45ರಿಂದ 55ರೊಳಗೆ ಇರಲಿ. ಕಾರ್ಡ್ ಪಟ್ಟಿ ಒತ್ತಿದಾಗ ಬೇಡದ ತಂತಿ ಮೊಳಗಿದರೆ ಕೆಳಗಿನ ಫೆಲ್ಟ್ ಸವೆದಿದೆ ಅಥವಾ ತಂತಿಯ ಗೆರೆ ಬಿದ್ದಿದೆ. ಹಳೆ ಫೆಲ್ಟ್ ಕೆರೆದು ತೆಗೆದು ಅದೇ ದಪ್ಪದ್ದನ್ನು ಅಂಟಿಸಿ, ಕಾರ್ಡಿನ ಸ್ವರಗಳಿರುವ ಜಾಗದಲ್ಲಿ ಮಾತ್ರ ಬ್ಲೇಡಿನಿಂದ ಕತ್ತರಿಸಿ ತೆಗೆಯಿರಿ. ಸಾರಾ ಆಗ ತೊಡೆಯ ಮೇಲೆ ಮಲಗಿಸಿ ನುಡಿಸುತ್ತಿದ್ದರು, ಎದೆಗೆ ಆನಿಸಿ ಹಿಡಿಯುವುದು ಆಮೇಲೆ ರೂಢಿಗೆ ಬಂತು. ಬ್ರಿಸ್ಟಲ್ ದನಿ ಬೇಕಿದ್ದರೆ ಮಲಗಿಸಿಯೇ ಕಲಿಯಿರಿ.